ಅಧ್ಯಕ್ಷರ ಬೋರ್ಡು

ಚಿಂತಾಮಣಿ, ಚೇಳೂರು ಸರ್ಕಲ್ಲಿಂದ ಮೂರನೇ ಅಂಗಡಿ,
ದಸ್ತಗಿರಿ ಆರ್ಟ್ಸ್. ಅಕ್ಷರಕ್ಕೆ ಇಷ್ಟು ಅಂತ ರೇಟು.
ಒತ್ತಿಗೆ ಬೇರೆ.

ತೊಂಬತ್ತಮೂರರ ಜನವರಿ, ಅವರೆಕಾಯಿ ಸೊಗಡಿನ ಕಾಲ,
ಕದಿರಪ್ಪ ಮೇಷ್ಟ್ರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ
ಕಾಲೇಜಿನ ಗೋಡೆಗೆ ಬೇಕು ಅಂತ ಹಾಳೆ ಕೊಟ್ಟರು:
ಅಮೆರಿಕದ ಅಧ್ಯಕ್ಷರು, ನಲವತ್ತೆರಡು ಸಾಲು.
ನೋಡಿದೆ. 'ಬರೀ ಒತ್ತಕ್ಷರ ಸಾರ್, ದುಬಾರಿ ಜನ.'

ಹಸಿರು ಹಲಗೆ, ಬಿಳಿ ಎನಾಮಲ್ಲು.
ಇಪ್ಪತ್ತೆರಡು ಬರೆದೆ, ಇಪ್ಪತ್ತಮೂರು ಬರೆದೆ,
ಇಪ್ಪತ್ತನಾಲ್ಕರಲ್ಲಿ ತಿರುಗಾ ಅದೇ ಹೆಸರು.
ಮೇಷ್ಟ್ರ ಕೈ ತಪ್ಪಿರಬೇಕು ಅಂತ ಹಾರಿಸಿ
ಕೊನೇ ತನಕ ಇಳಿದುಬಿಟ್ಟೆ.
ಬಂದವರು ಹಣೆ ಬಡಕೊಂಡರು:
'ಸೋತ, ನಾಲ್ಕು ವರ್ಷ ಸುಮ್ಮನಿದ್ದ, ತಿರುಗಿ ಗೆದ್ದ. ಬರಿ.'
ಟರ್ಪೆಂಟೈನ್ ಬಟ್ಟೆ ಹಿಡಿದು ಕೂತೆ.
ಒಬ್ಬನ ಹಟಕ್ಕೆ
ಹಿಂದಿನ ಹದಿನೆಂಟು ಜನ ಅಳಿಸಿ ಹೋದರು.

ಮೂವತ್ತೊಂದೇ ದಿನ ಕೂತವನಿಗೂ ಒಂದು ಸಾಲು,
ಹನ್ನೆರಡು ವರ್ಷ ಕೂತವನಿಗೂ ಒಂದೇ ಸಾಲು.
ನಾಟಕ ನೋಡುತ್ತಾ ಗುಂಡು ತಿಂದವನ ಮುಂದೆ
ಇಂಥ ಇಸವಿಯವರೆಗೆ ಅಂತಷ್ಟೇ;
ಹೆಂಗೆ ಅನ್ನೋದಕ್ಕೆ ಕಾಲಂ ಇಲ್ಲ.
'ಗುಲಾಮರನ್ನ ಬಿಡಿಸಿದನಂತಲ್ಲ, ಚೂರು ದಪ್ಪಗೆ ಬರೀಲಾ?'
'ಬೇಡ. ಗುಲಾಮರನ್ನ ಕೊಂಡು ಇಟ್ಟುಕೊಂಡವರೂ
ಅದೇ ಹಲಗೇಲಿದ್ದಾರೆ. ಸೈಜು ಒಂದೇ ಇರಲಿ.
ಯಾಕೆ ಅಂತ ಹುಡುಗರು ಕೇಳಬೇಕು.'
ಹುಡುಗರು ಕೇಳಿದ್ದು ನಾನಂತೂ ಕಾಣೆ.

ಎರಡು ಸಾವಿರದ ಒಂದರಲ್ಲಿ ನಲವತ್ತಮೂರನೆಯವನು.
ಏಣಿ ಮೇಲಿಂದಲೇ ಕೇಳಿದೆ, ಅಲ್ಲಿ ಹೆಂಗೆ ಆರಿಸ್ತಾರೆ?
'ಜನ ಓಟು ಹಾಕ್ತಾರೆ, ಆದರೆ ನೇರ ಅವನಿಗಲ್ಲ.
ರಾಜ್ಯಕ್ಕಿಷ್ಟು ಅಂತ ಮೆಂಬರುಗಳು. ಅವರು ಆರಿಸಬೇಕು.
ಈ ಸಲ ಜನರ ಓಟು ಜಾಸ್ತಿ ಬಿದ್ದವನೇ ಸೋತ.'
ತಟ್ಟನೆ ಹತ್ತಿತು ನನಗೆ. ನಮ್ಮ ಪಂಚಾಯ್ತಿ!
'ಹಂಗಾದ್ರೆ ಸಾರ್, ಆ ಮೆಂಬರುಗಳನ್ನ ವ್ಯಾನಿಗೆ ತುಂಬಿ
ಕೈ ಎತ್ತೋ ದಿನದವರೆಗೂ ತಿರುಪತಿ ಸುತ್ತಿಸ್ತಾರಾ?'
ಮೇಷ್ಟ್ರಿಗೆ ಟೀ ಮೂಗಿಗೇರಿತು.

ಅದೇ ವರ್ಷ ಬಂಡಕಿಂದಪಲ್ಲಿ ಪಂಚಾಯ್ತಿಯ ಬೋರ್ಡು.
'ಶ್ರೀಮತಿ ಪಿಳ್ಳಮ್ಮ ಕೋಂ ನಾರೆಪ್ಪ, ಅಧ್ಯಕ್ಷರು.'
ನಾರೆಪ್ಪ ಅನ್ನೋದು ಕೆಂಪಗಿರಬೇಕು, ದೊಡ್ಡದಿರಬೇಕು,
ನಾರೆಪ್ಪನದೇ ಆರ್ಡರು. ಬರೆದೆ.
ದುಡ್ಡು ಕೊಟ್ಟವನ ಅಕ್ಷರ.
ಮೂರನೇ ದಿನ ಆಯಮ್ಮ ಅಂಗಡಿ ಮುಂದೆ,
ಡೇರಿಗೆ ಹಾಲು ಹಾಕಿ ಬಂದ ಖಾಲಿ ಕ್ಯಾನು ಕೈಯಲ್ಲಿ:
'ಕೋಂ ಇಂದಾಚೆಗೆ ಅಳಿಸೋಕೆ ಎಷ್ಟಪ್ಪ?'
ಅಳಿಸೋದಕ್ಕೆ ನಾನು ರೇಟೇ ಇಟ್ಟಿರಲಿಲ್ಲ.

ಮೂವತ್ತು ತಿಂಗಳು. ಆಮೇಲೆ ಮೀಸಲಾತಿ ತಿರುಗಿತು,
ಇನ್ಯಾರೋ ಬಂದರು, ಹೋದರು, ಬರೆದೆ.
ಪಿಳ್ಳಮ್ಮ ಕಟ್ಟಿಸಿದ ಟ್ಯಾಂಕಿನ ಮೇಲೆ ಅವಳ ಹೆಸರಿಲ್ಲ.
ನೀರು ಬರುತ್ತೆ, ದಿನ ಬಿಟ್ಟು ದಿನ.
ಬೋರ್ಡಿಗೆ ಸಂಜೆಯ ಓರೆ ಬಿಸಿಲು ಬಿದ್ದರೆ
ಹಸಿರಿನ ಅಡಿಯಲ್ಲಿ ನಾರೆಪ್ಪ ಈಗಲೂ
ಸಣ್ಣಗೆ ಕೆಂಪಗೆ ಉಬ್ಬಿಕೊಂಡಿದ್ದಾನೆ.

ಮೇಷ್ಟ್ರು ಹೋದರು. ಊರೆಲ್ಲ ಫ್ಲೆಕ್ಸಾಯಿತು.
ಈ ಜನವರಿ ಕಾಲೇಜಿನಿಂದ ಕರೆ ಬರಲಿಲ್ಲ,
ಟೀವಿ ನೋಡಿ ನಾನೇ ಡಬ್ಬಿ ಹಿಡಿದು ಹೋದೆ.
ಬೀರು ಪಕ್ಕಕ್ಕೆ ತಳ್ಳಿದರೆ ಬೋರ್ಡು.
ನಲವತ್ತೈದರಲ್ಲಿದ್ದ ಹೆಸರೇ ನಲವತ್ತೇಳಕ್ಕೆ.
ಈ ಸಲ ಯಾರ ಕೈ ತಪ್ಪಿದೆ ಅಂತಲೂ
ನಾನು ಅಂದುಕೊಳ್ಳಲಿಲ್ಲ.
ಹಲಗೆಯಲ್ಲಿ ಜಾಗ ಮುಗಿದಿತ್ತು,
ಕೆಳಗಿನ ಕಟ್ಟಿನ ಮರದ ಮೇಲೆ ಒತ್ತೊತ್ತಾಗಿ ಬರೆದೆ.
ಇಸವಿ ಹಾಕಿ, ಗೀಟೆಳೆದು, ಆಚೆ ಖಾಲಿ ಬಿಟ್ಟೆ.
ಕೂತಿರುವಷ್ಟು ದಿನ ಎಲ್ಲರದೂ ಹಂಗೇ,
ಗೀಟು, ಆಮೇಲೆ ಬರೀ ಹಸಿ ಬಣ್ಣದ ವಾಸನೆ.

ಹೊಸ ಮೇಡಂ ಮೇಲಿಂದ ಕೆಳಗೆ ಬೆರಳಾಡಿಸಿದರು.
'ಇಷ್ಟು ಜನದಲ್ಲಿ ಒಬ್ಬ ಹೆಂಗಸೂ ಇಲ್ವಲ್ಲ.'
ಪೆಟ್ಟಿಗೆ ತೆರೆದು ತಗಡಿನ ಅಚ್ಚು ತೋರಿಸಿದೆ: ಶ್ರೀಮತಿ.
ಅಂಚಿನಲ್ಲಿ ಬಂಡಕಿಂದಪಲ್ಲಿಯ ಬಣ್ಣ ಒಣಗಿ ಕೂತಿತ್ತು.
'ತಂದೇ ತರ್ತೀನಿ ಮೇಡಂ, ನಾಲ್ಕು ವರ್ಷಕ್ಕೊಂದು ಸಲ.'

ಆಮೇಲೆ ಲೆಕ್ಕ ಹೇಳಿದೆ.
ಒತ್ತಿಗೆ ಬೇರೆ, ಅಂದೆ.
ನಕ್ಕು, ಪರ್ಸಿನಿಂದಲೇ ಕೊಟ್ಟರು.